ಅಳಿಸುವವು

ಭಾನುವಾರ, ಬೆಳಿಗ್ಗೆ

ಪ್ರೀತಿಯ ಮೊದ್ದು,

ಹೀಗೆ ಕರೆದರೆ ಇವತ್ತು ನಿನಗೆ ಸಿಟ್ಟು ಬರಲಿಕ್ಕಿಲ್ಲ. ಬಂದರೆ ನನಗೆ ಸಂತೋಷವೇ. ಫೋನ್ ಆಫ್ ಮಾಡಿಕೊಂಡು ರೂಮಿನಲ್ಲಿ ಬಿದ್ದಿದ್ದೀಯಂತೆ, ಅದಕ್ಕೇ ಕಾಗದ ಬರೆದು ನಿನ್ನ ಹೆಂಡತಿಯ ಕೈಗೆ ಕೊಡುತ್ತಿದ್ದೇನೆ. ಪಾಪ, ಅವಳು ನಮ್ಮ ಅಡುಗೆಮನೆಯಲ್ಲಿ ಕೂತು ಅಳುತ್ತಿದ್ದಾಳೆ. ನೀನು ಅಂಗಡಿಯ ಬಾಗಿಲು ತೆಗೆದಿಲ್ಲವಂತೆ, ಊಟ ಮುಟ್ಟಿಲ್ಲವಂತೆ. ಅಕ್ಕನಿಗೆ ಮುಖ ತೋರಿಸಲಾರೆ, ನಾನು ಇದ್ದು ಏನು ಪ್ರಯೋಜನ ಅನ್ನುತ್ತೀಯಂತೆ. ಅವಳು ಹೆದರಿ ಬಚ್ಚಲುಮನೆಯ ಒಳಗಿನ ಚಿಲಕ ಕೀಳಿಸಿದ್ದಾಳೆ. ಅದನ್ನು ಕೇಳಿದ ಮೇಲೆ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ.

ಆದದ್ದನ್ನು ಒಂದು ಸಲ ನೆಟ್ಟಗೆ ಹೇಳಿಬಿಡುತ್ತೇನೆ. ನನ್ನ ಹಳೇ ಕಂಪ್ಯೂಟರ್ ಮಾರಿಕೊಡು ಅಂತ ನಿನಗೆ ಒಪ್ಪಿಸಿದವಳು ನಾನು. ಇರುವುದನ್ನೆಲ್ಲ ಹೊಸದಕ್ಕೆ ಹಾಕು, ಹಳೆಯದನ್ನು ಪೂರ್ತಿ ಒರೆಸಿಬಿಡು ಅಂದವಳೂ ನಾನೇ. ನೀನು ಎಲ್ಲ ಫೋಲ್ಡರ್‌ಗಳನ್ನೂ ಹಾಕಿಕೊಟ್ಟೆ, ಒಂದನ್ನು ಬಿಟ್ಟೆ. ಅದಕ್ಕೆ ನಾನು 'ಅಳಿಸುವವು' ಅಂತ ಹೆಸರಿಟ್ಟಿದ್ದೆ. ಅಳಿಸಿಹಾಕಬೇಕಾದವು ಅಂತ ನೀನು ತಿಳಿದೆ. ಅಕ್ಕನ ಸ್ವಂತ ವಿಷಯ ಏನೋ ಇರಬೇಕು ಅಂತ ಮರ್ಯಾದೆಗೆ ತೆರೆದೂ ನೋಡಲಿಲ್ಲ. ಆಮೇಲೆ ನಿನ್ನ ಕೆಲಸ ನೀನು ಮಾಡಿದೆ.

ಆ ಕೆಲಸದ ಬಗ್ಗೆ ನೀನು ಗಿರಾಕಿಗಳಿಗೆ ಹೇಳುವ ಮಾತು ನನಗೂ ಬಾಯಿಪಾಠವಾಗಿದೆ. ಡಿಲೀಟ್ ಒತ್ತಿದರೆ ಬಾಗಿಲ ಮೇಲಿನ ಹೆಸರಷ್ಟೇ ಹೋಗುತ್ತೆ, ಸಾಮಾನೆಲ್ಲ ಒಳಗೇ ಇರುತ್ತೆ, ಅದರ ಮೇಲೆ ಅರ್ಥವಿಲ್ಲದ್ದನ್ನು ತುಂಬಿಬಿಟ್ಟರೆ ಮಾತ್ರ ಯಾರಪ್ಪ ಬಂದರೂ ವಾಪಸ್ ತರೋಕಾಗಲ್ಲ ಅಂತ. ಮದುವೆ ಗಂಡಿನ ಹಾಗೆ ಎದೆಯುಬ್ಬಿಸಿಕೊಂಡು ಹೇಳುತ್ತೀಯ. ಈಗ ಅದೇ ಡಿಸ್ಕನ್ನು ಮುಂದಿಟ್ಟುಕೊಂಡು, ಸಿಕ್ಕಸಿಕ್ಕ ಸಾಫ್ಟ್‌ವೇರ್ ಹಾಕಿ ಹುಡುಕುತ್ತಿದ್ದೀಯಂತೆ. ಸಾಕು ಬಿಡು. ನೀನು ಅಚ್ಚುಕಟ್ಟಾಗಿ ಕೆಲಸ ಕಲಿತವನು, ನೀನು ಒರೆಸಿದ್ದರಲ್ಲಿ ಏನೂ ಸಿಗುವುದಿಲ್ಲ.

ಅವತ್ತು ಫೋನಿನಲ್ಲಿ ನಾನು ಕಿರುಚಿಬಿಟ್ಟೆ. ಅಳು ಬರಿಸುವವು ಅಂತ ಕಣೋ ಅದರರ್ಥ, ನನ್ನ ಮಗಳನ್ನು ಎರಡನೇ ಸಲ ಕೊಂದೆ ಅಂದೆ. ಆ ಮಾತು ಆಡಬಾರದಿತ್ತು. ಸಂಕಟದಲ್ಲಿ ಬಾಯಿಗೆ ಬಂದದ್ದು ಅಂದುಬಿಟ್ಟೆ. ನನ್ನ ಬಟಾಣಿ ಹೋದ ಮೇಲೆ ಅವಳ ಆ ವಿಡಿಯೋಗಳನ್ನು ತೆಗೆದುಹಾಕಬೇಕು ಅಂತಲೇ ಬೇರೆ ಇಟ್ಟಿದ್ದೆ. ಹೆಸರಿನ ಅರ್ಥ ನೀನು ತಿಳಿದದ್ದೇ ಸರಿ. ನನಗೆ ಧೈರ್ಯ ಸಾಲಲಿಲ್ಲ, ನಿನ್ನ ಕೈಯಲ್ಲಿ ಆಯಿತು, ಅಷ್ಟೇ. ಇದನ್ನು ನೀನು ನಂಬಬೇಕು.

ಅಷ್ಟಕ್ಕೂ ಅದರಲ್ಲಿ ಮಹಾ ಏನಿತ್ತು? ಆಸ್ಪತ್ರೆಯ ಮಂಚದ ಮೇಲೆ ಕೂತು ಗೊಂಬೆಗೆ ಇಂಜೆಕ್ಷನ್ ಕೊಡುವುದು. ಹೆದರಬೇಡ ಮರಿ, ಇರುವೆ ಕಚ್ಚಿದ ಹಾಗೆ ಅಷ್ಟೇ ಅಂತ ಅದಕ್ಕೆ ಸಮಾಧಾನ ಹೇಳುವುದು. ನೀನು ತಂದುಕೊಟ್ಟ ಟೋಪಿ ಬೋಳು ತಲೆಯ ಮೇಲೆ ನಿಲ್ಲದೆ ಮೂಗಿನವರೆಗೆ ಜಾರಿದಾಗ, ಮಾಮನ ತಲೆ ಕುಂಬಳಕಾಯಿ, ಅದಕ್ಕೇ ಅಳತೆ ತಪ್ಪಿದ್ದಾನೆ ಅಂತ ನಗುವುದು. ನಗು ಮುಗಿಯುವ ಮುಂಚೆಯೇ ಬಿಕ್ಕಳಿಕೆ. ನೀರು ಕೊಡಲು ನಾನು ಎದ್ದಾಗ ಚಿತ್ರ ಅಲುಗಾಡಿ, ಅಮ್ಮಾ ಫೋನ್ ಬೀಳ್ತದೆ ಅನ್ನುವಷ್ಟರಲ್ಲಿ ನಿಂತುಹೋಗುತ್ತದೆ. ಅಂಥವೇ ಒಂದಿಷ್ಟು. ನನಗೆ ಸರಿಯಾಗಿ ನೆನಪೂ ಇಲ್ಲ.

ಫೋಟೋಗಳೆಲ್ಲ ಹೊಸ ಕಂಪ್ಯೂಟರಿನಲ್ಲಿ ಭದ್ರವಾಗಿವೆ. ಮಾತು, ನಗು ಇದ್ದವು ಮಾತ್ರ ಹೋದವು. ಅವನ್ನು ತೆಗೆದ ಫೋನ್ ಹೋದ ವರ್ಷವೇ ಕೆಟ್ಟಿತ್ತಲ್ಲ, ಅದಕ್ಕೂ ನೀನು ಕಾರಣನೇನು? ನಿನ್ನ ಭಾವನಿಗೂ ಹೀಗೇ ಹೇಳಿದೆ, ನಾನೇ ಅಳಿಸಲು ಇಟ್ಟಿದ್ದೆ ಅಂತ. ಅವರು ಎದ್ದು ಹೋಗಿ ಬಾಲ್ಕನಿಯಲ್ಲಿ ನಿಂತರು.

ನಿನ್ನ ಮೇಲೆ ಸಿಟ್ಟೇ ಇಲ್ಲ ಅಂತ ಹೇಳಲಾರೆ. ಇದೆ. ಇದ್ದರೆ ಇರಲಿ, ಅಕ್ಕನ ಸಿಟ್ಟಿನಿಂದ ಯಾವ ತಮ್ಮನೂ ಸತ್ತಿಲ್ಲ, ನೀನೂ ಆ ಹುಚ್ಚು ಕೆಲಸಕ್ಕೆ ಕೈಹಾಕಬೇಡ. ನೀನೂ ಇಲ್ಲದಿದ್ದರೆ ನಾನು ಯಾರ ಮೇಲೆ ರೇಗಲಿ ಹೇಳು? ಏಳು. ಸ್ನಾನ ಮಾಡು, ಗಡ್ಡ ತೆಗೆ, ನಾಳೆ ಅಂಗಡಿ ತೆರೆ. ನಿನ್ನ ಹೆಂಡತಿಯ ಎದುರು ಕೂತು ಎರಡು ತುತ್ತು ತಿನ್ನು. ತಿಂದೆ ಅಂತ ಅವಳು ಫೋನ್ ಮಾಡಿದ ಮೇಲೆ ನಾನೂ ತಿನ್ನುತ್ತೇನೆ.

ನಿನ್ನ ಮೇಲೆ ಜೀವ ಇಟ್ಟುಕೊಂಡಿರುವ,
ಅಕ್ಕ

ತಾ.ಕ.: ಫೋನ್ ಆನ್ ಮಾಡಿದಾಗ ಒಂದು ಸಲ ನೋಡು. ಬಟಾಣಿ ನಿನಗೆ ಯಾವಾಗಲಾದರೂ ವಾಯ್ಸ್ ಮೆಸೇಜ್ ಕಳಿಸಿದ್ದಳಾ? ಸುಮ್ಮನೆ ಕೇಳಿದೆ, ಇಲ್ಲದಿದ್ದರೆ ಪರವಾಗಿಲ್ಲ. ನೀನು ಬೇರೆ ಏನನ್ನೋ ರೆಕಾರ್ಡ್ ಮಾಡುವಾಗ ಹಿಂದುಗಡೆ ಎಲ್ಲಾದರೂ ಅವಳ ದನಿ ಸಿಕ್ಕಿರಬಹುದು. ಮಾತೇ ಆಗಬೇಕೆಂದಿಲ್ಲ. ಕೆಮ್ಮಿದ್ದಾದರೂ ಸಾಕು.