ಹಸಿರೊಳಗಿನ ಹಳದಿ

ಮಾರ್ಚ್ ೩
ಮತ್ತೆ ಅದೇ ಎಡವಟ್ಟು. ಕಡುನೀಲಿ ಪ್ಯಾಂಟಿಗೆ ಕಪ್ಪು ದಾರ ಹಾಕಿ ಹೊಲಿದಿದ್ದೇನೆ. ಬಾಗಿಲ ಬೆಳಕಿನಲ್ಲಿ ದಾರದ ಒಂದೆಳೆ ಬಟ್ಟೆಯ ಮೇಲಿಟ್ಟು ನೋಡಿಯೇ ಹೊಲಿದದ್ದು... ಆದರೂ. ಗಿರಾಕಿ ಪೂರ್ತಿ ದುಡ್ಡು ಎಣಿಸಿಟ್ಟು ಹೋದ. ಬೈದಿದ್ದರೆ ವಾಸಿಯಿತ್ತು.

ತಂಗಿ ಪುಟ್ಟಿ (ಅರವತ್ತಾದರೂ ಪುಟ್ಟಿಯೇ) "ಅಕ್ಕಾ, ಕಣ್ ಡಾಕ್ಟ್ರ ಹತ್ರ ಹೋಗೋಣ" ಎಂದಳು. "ನಿನ್ ಕೆಲ್ಸ ನೋಡು" ಎಂದು ರೇಗಿದೆ. ನಮ್ಮ ಹೊಲಿಗೆ ಅಂಗಡಿ ಇಷ್ಟು ವರ್ಷ ನಡೆದದ್ದು ನನ್ನ ಕಣ್ಣು, ಅವಳ ನೆನಪಿನ ಮೇಲೆ. ಯಾವ ಬಟ್ಟೆ ಯಾರದು, ಎಷ್ಟು ಗಿಡ್ಡ ಮಾಡಬೇಕು — ಒಂದು ಚೀಟಿ ಇಲ್ಲ. ಎಲ್ಲ ಅವಳ ತಲೆಯಲ್ಲಿ.

ಮಾರ್ಚ್ ೬
ಹೋಗಿಬಂದೆವು. ಕಣ್ಣಿನ ಹಿಂಭಾಗದಲ್ಲಿ ಒಂದು ಹಳದಿ ಬಣ್ಣ ಇರುತ್ತದಂತೆ, ಕಿಟಕಿಗೆ ಕರ್ಟನ್ ಹಾಕಿದ ಹಾಗೆ. ನನ್ನದು ತೆಳುವಾಗಿದೆ. ದೇಹ ತಾನಾಗಿ ಮಾಡಿಕೊಳ್ಳದು, ತಿಂದೇ ಬರಬೇಕು — ಸೊಪ್ಪು, ಮೆಕ್ಕೆಜೋಳ, ಮೊಟ್ಟೆಯ ಹಳದಿ. ಸೊಪ್ಪಿನಲ್ಲಿ ಹಳದಿ ಎಲ್ಲಿಂದ ಬಂತು ಎಂದೆ.

"ಹಸಿರಿನಡಿ ಅಡಗಿರುತ್ತೆ ಅಮ್ಮಾ. ಸ್ವಲ್ಪ ಎಣ್ಣೆ ಹಾಕಿ ಬೇಯ್ಸಿ. ಹೋದದ್ದು ವಾಪಸ್ ಬರುತ್ತೆ ಅಂತ ಹೇಳಲ್ಲ, ಇರೋದನ್ನ ಉಳಿಸ್ಕೊಳ್ಳೋಕೆ" ಎಂದರು ಡಾಕ್ಟರು. ಮಿದುಳಿನಲ್ಲೂ ಅದೇ ಬಣ್ಣ ಇದೆಯಂತೆ. ವಯಸ್ಸಾದವರ ನೆನಪಿಗೂ ಒಳ್ಳೆಯದಿರಬಹುದು, ಇನ್ನೂ ಖಾತ್ರಿಯಿಲ್ಲ.

"ನಂಗಂತೂ ಬೇಡಪ್ಪ" ಎಂದು ಪುಟ್ಟಿ ನಕ್ಕಳು.

ಮಾರ್ಚ್ ೧೧
ಸೊಪ್ಪು. ನಾನೇನು ಹಸುವೇ? ಪುಟ್ಟಿ ಎದುರಿಗೆ ಕೂತು ಕಾವಲು ಕಾಯುತ್ತಾಳೆ. ತಾನು ಮಾತ್ರ ಮುಟ್ಟುವುದಿಲ್ಲ. "ಕಣ್ ಕೆಟ್ಟಿರೋದು ನಿಂದು" ಅಂತೆ.

ಏಪ್ರಿಲ್ ೨
ಬೆಳಿಗ್ಗೆ ಸೊಪ್ಪು, ಮಧ್ಯಾಹ್ನ ಸೊಪ್ಪು. ಸಂಜೆ ಮತ್ತೆ ಹೆಚ್ಚುತ್ತಾ ಕೂತಿದ್ದಳು. "ಸಾಕು ಕಣೇ, ಪ್ರಾಣ ತೆಗೀಬೇಡ" ಎಂದು ಕೂಗಾಡಿದೆ. ಮುಖ ನೋಡಿದಳು.

"ಇವತ್ತು ಇನ್ನೂ ಮಾಡೇ ಇಲ್ವಲ್ಲಕ್ಕಾ."

ತಮಾಷೆ ಎಂದುಕೊಂಡೆ.

ಏಪ್ರಿಲ್ ೧೯
ಹೊಲಿಗೆಗೆ ಬಂದಿದ್ದ ಮೇಷ್ಟ್ರ ಕೋಟು ನರ್ಸಮ್ಮನ ಮನೆ ಸೇರಿದೆ. ಕೊಟ್ಟವಳು ಪುಟ್ಟಿ. "ನಿನ್ ಕಣ್ಣಿಂದಾನೇ ಆಗಿದ್ದು" ಎಂದು ನನ್ನ ಮೇಲೆ ಹಾಕಿದಳು. ಹೌದು ಎಂದೆ. ಅವಳ ಜೊತೆ ಜಗಳಾಡದೆ ಸೋತದ್ದು ಇದೇ ಮೊದಲು. ಒಳಗೆ ಹೋಗಿ ಅತ್ತುಬಿಟ್ಟೆ.

ಮೇ ೮
ಬೇರೆ ಡಾಕ್ಟರು. ಅವಳಿಗೆ ನೆನಪಿನ ಪರೀಕ್ಷೆ. "ಶುರುವಾಗಿದೆ" ಎಂದರು. ಮಾತ್ರೆ ಕೊಟ್ಟಿದ್ದಾರೆ. ಸೊಪ್ಪಿನ ಮಾತೆತ್ತಿದೆ. ತಿನ್ನಲಿ, ಅದನ್ನೇ ನಂಬಿ ಕೂರಬೇಡಿ ಎಂದರು.

ನಂಬದೆ ಏನು ಮಾಡಲಿ? "ನೀನ್ ತಿಂದ್ರೆ ಮಾತ್ರ ನಾನ್ ತಿಂತೀನಿ" ಎಂದು ಹಠ ಹಿಡಿದಿದ್ದೇನೆ. ಮುಖ ಸಿಂಡರಿಸಿಕೊಂಡು ತಿನ್ನುತ್ತಾಳೆ. ಚೀಟಿ ಈಗ ನಾನೇ ಬರೆಯುತ್ತೇನೆ, ಭೂತಗನ್ನಡಿ ಹಿಡಿದು, ದಪ್ಪ ಅಕ್ಷರದಲ್ಲಿ.

ಮೇ ೩೦, ಮಧ್ಯಾಹ್ನ
ಇವತ್ತು ನೀಲಿ ಯಾವುದು, ಕಪ್ಪು ಯಾವುದು — ಬಾಗಿಲಲ್ಲಿ ನಿಂತು ಸರಿಯಾಗಿ ಆರಿಸಿದೆ. ಪುಟ್ಟಿ ಚಪ್ಪಾಳೆ ತಟ್ಟಿದಳು. ಊಟ ಮುಗಿಸಿ ಬರೆಯಲು ಕೂತಿದ್ದೇನೆ. ಇಬ್ಬರೂ ತಟ್ಟೆ ಖಾಲಿ ಮಾಡಿದೆವು. ಬಾಯಲ್ಲಿ ಇನ್ನೂ ಸೊಪ್ಪಿನ ಒಗರು.

ಅಡುಗೆಮನೆಯಿಂದ ಕೂಗುತ್ತಿದ್ದಾಳೆ. "ಅಕ್ಕಾ, ಹಸಿವಾಗ್ತಿಲ್ವಾ? ಸೊಪ್ಪು ಬೇಯ್ಸಿಟ್ಟಿದೀನಿ, ಬಾ, ಆರೋಗುತ್ತೆ."

ಬಂದೆ ಕಣೇ ಎಂದೆ. ತುಂಬಾ ಹಸಿವು ಎಂದೆ. ಹೋಗಿ ತಿಂದು ಬಂದು ಉಳಿದದ್ದು—