ತಾತನ ಪುಟ ಇನ್ನೂ ಲಾಗೌಟ್ ಆಗಿಲ್ಲ

ರಾಗಿಣಿ,

ಎಣ್ಣೆ ತೀರಿ ದೀಪ ಆರಿದಾಗ ಸುಟ್ಟ ಬತ್ತಿಯ ವಾಸನೆ ಬರುತ್ತದಲ್ಲ, ಚಿಕ್ಕವಳಿದ್ದಾಗ ಅದಕ್ಕೆ ಹೆದರಿ ಅಮ್ಮನ ಸೆರಗು ಹಿಡಿಯುತ್ತಿದ್ದೆ. ಇವತ್ತು ಮಧ್ಯಾಹ್ನ ತಾತನ ಕೋಣೆಯಲ್ಲಿ ಅದೇ ವಾಸನೆಗೆ ಎಚ್ಚರವಾಯಿತು.

ಅವರು ಹೋದಾಗಿನಿಂದ ದೀಪಕ್ಕೆ ಎಣ್ಣೆ ಹಾಕುವಾಗಲೆಲ್ಲ ಅವರ ಕಂಪ್ಯೂಟರಿನ ಮೌಸನ್ನೂ ಅಲ್ಲಾಡಿಸುತ್ತಿದ್ದೆ. "ಸ್ವಲ್ಪ ಹೊತ್ತು ಯಾರೂ ಮುಟ್ಟದಿದ್ರೆ ಅದೇ ಲಾಗೌಟ್ ಆಗ್ಬಿಡುತ್ತೆ, ತಾತ ಬರೀತಿದ್ದ ನೆನಪುಗಳೆಲ್ಲ ಹೋಗ್ಬಿಡುತ್ತೆ ಕಣಜ್ಜಿ" ಅಂದವಳು ನೀನೇ. "ಸಂಜೆ ಕಾಪಿ ಮಾಡ್ಕೊಡ್ತೀನಿ" ಅಂತಲೂ ಅಂದಿದ್ದೆ. ಎಷ್ಟು ಸಂಜೆಗಳಾದವು, ಮಗು?

ಇವತ್ತು ನಾನು ಬಹಳ ಹೊತ್ತು ಮಲಗಿಬಿಟ್ಟಿದ್ದೆ. ಎದ್ದಾಗ ದೀಪ ಆರಿತ್ತು. ಪುಟ ಮಾತ್ರ ಹಾಗೇ ತೆರೆದಿತ್ತು. ಬಾಗಿಲಿಗೆ ಒಳಗಿನಿಂದ ನಾನೇ ಚಿಲಕ ಹಾಕಿದ್ದೆ, ನೀನು ಉಲ್ಲಾಳದ ಕಾಲೇಜಿನಲ್ಲಿದ್ದೆ. ಮೌಸ್ ಬೆಚ್ಚಗಿತ್ತು.

ಬಂದ ತಕ್ಷಣ ಫೋನಿನಲ್ಲಿ ಫೋಟೋ ತೆಗೆದುಕೋ, ಆಮೇಲೆ ಕಾಪಿ ಮಾಡು. ಅಪ್ಪಿತಪ್ಪಿಯೂ ರಿಫ್ರೆಶ್ ಒತ್ತಬೇಡ. ಅದು ಪಾಸ್‌ವರ್ಡ್ ಕೇಳಿದರೆ ನಮಗಿಬ್ಬರಿಗೂ ಗೊತ್ತಿಲ್ಲ. ಅವರ ಕುರ್ಚಿಯಲ್ಲಿ ಕೂರಬೇಡ, ಪಕ್ಕದಲ್ಲಿ ಸ್ಟೂಲ್ ಇಟ್ಟಿದ್ದೇನೆ.

ನಾಳಿನ ಕಾರ್ಯದ ಮಾತಿಗೆ ಆರ್‌ಪಿಸಿ ಲೇಔಟಿನ ಚಿಕ್ಕತಾತನ ಮನೆಗೆ ಹೋಗಿರುತ್ತೇನೆ. ಊಟ ಅಡುಗೆಮನೆಯಲ್ಲಿದೆ. ಸೂತಕದ ಮನೆಯೆಂದು ಪಕ್ಕದ ಮನೆ ಸತ್ಯವತಿ ದಿನವೂ ನಮ್ಮಿಬ್ಬರಿಗೆ ಎರಡು ಡಬ್ಬಿ ತರುತ್ತಾಳಲ್ಲ, ಈಗಲೂ ತಂದಳು. ಕೊಟ್ಟು ಹೊರಟವಳು ತಾತನ ಕೋಣೆಯ ಕಡೆ ನೋಡಿ ನಿಂತಳು. ಆಮೇಲೆ ಮನೆಗೆ ಹೋಗಿ ಮೂರನೆಯ ಡಬ್ಬಿಯನ್ನು ತಂದು ನನ್ನ ಕೈಗಿಟ್ಟಳು.

ಅಜ್ಜಿ