ಹತ್ತಿಬೀಜ ಬಿದ್ದದ್ದು

ಬಳ್ಳಾರಿ
ಕಾರ್ತಿಕ, ೧೯೫೨

ಕುರುಗೋಡಿನಲ್ಲಿರುವ ನನ್ನ ಮಾರೆಣ್ಣನಿಗೆ, ತಂಗಿ ಉಚ್ಚೆಂಗಿಯ ನಮಸ್ಕಾರ.

ನಿನ್ನ ಕಾರ್ಡು ತಲುಪಿತು. ಕೊನೆಯ ಸಾಲಿನಲ್ಲಿ, "ನನ್ನ ಅಕ್ಷರ ಇನ್ನೂ ಓದಾಕ ಬರತಾವೇನವ್ವ? ಖರೇ ಹೇಳು" ಎಂದು ಕೇಳಿದ್ದೀ. ಚೆನ್ನಾಗಿಯೇ ಇವೆ ಎಂದು ಬರೆಯಲು ಹೊರಟವಳು ಪೆನ್ನು ಕೆಳಗಿಟ್ಟೆ. ಏಳು ವರ್ಷದ ಹಿಂದೆ ನೀನು ಇದೇ ರೀತಿ ಇನ್ನೊಂದು ಮಾತು ಕೇಳಿದ್ದೆ.

ಇಲ್ಲಿಯ ಗುಡ್ಡದ ಹಿಂದೆ ಗುಂಡು ಹೊಡೆಯುವ ಚಾಂದಮಾರಿ ಮೈದಾನ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಪೊಲೀಸಿಗೆ ಹೊಸದಾಗಿ ಸೇರಿದವರಿಗೆ ಗುರಿ ಹೊಡೆಯುವುದನ್ನು ಕಲಿಸುವ ಉಸ್ತಾದ ನೀನು. ಭಾನುವಾರ ನನ್ನ ಶಾಲೆಗೆ ರಜೆ, ನಿನಗೆ ಬುತ್ತಿ ತರುವವಳು ನಾನು. ಬಂದೂಕಿನ ಒದೆತಕ್ಕೆ ಹೆದರಿ ಅಂಗಿಯೊಳಗೆ ಟವೆಲ್ಲು ತುರುಕಿಕೊಂಡು ಬಂದ ಗಾದೆಪ್ಪನನ್ನು ನೀನು ಹಿಡಿದದ್ದು ನೆನೆದರೆ ಒಬ್ಬಳೇ ಇದ್ದಾಗಲೂ ನಗು ಬರುತ್ತದೆ.

"ಬಾಣಂತಿ ಆಗೀಯೇನಲೇ, ಇಷ್ಟು ಬಟ್ಟಿ ಸುತ್ಕೊಂಡಿ? ತಗಿ ಅದನ್ನ. ಬಂದೂಕು ಹೆಗಲಿಗೆ ಒತ್ತಿ ಹಿಡಿ. ಸಂದು ಬಿಟ್ಟರ ಒದಿತೈತಿ, ಅವಚಿಕೊಂಡರ ಬರೇ ದೂಕತೈತಿ."

ಅರ್ಧ ಉಸಿರು ಬಿಟ್ಟು ತಡೆಯಬೇಕು, ಗುಂಡು ಹೋದ ಮೇಲೂ ಗುರಿಯಿಂದ ಕಣ್ಣು ತೆಗೆಯಬಾರದು. ಇವೆಲ್ಲ ನನಗೂ ಬಾಯಿಪಾಠವಾಗಿದ್ದವು. ಒದೆತಕ್ಕೆ ಅಂಜಿದವನಿಗೆ ತಾನು ಅಂಜಿದ್ದು ತಿಳಿಯುವುದಿಲ್ಲ, ಆ ಗಳಿಗೆ ಅವನ ಕಣ್ಣು ಮುಚ್ಚಿರುತ್ತದೆ ಎಂದೂ ನೀನೇ ಹೇಳುತ್ತಿದ್ದೆ.

ಸೈಕಲ್ಲಿನಿಂದ ಬಿದ್ದು ಬಲ ಹೆಗಲು ಮುರಿದುಕೊಂಡ ಮೇಲೆ ನಿನಗೆ ನಿನ್ನ ಮೇಲೆಯೇ ಅನುಮಾನ ಬಂತು. ಪೊಲೀಸರ ವರ್ಷದ ಗುರಿ ಪರೀಕ್ಷೆಗೆ ಎಂಟು ದಿನವಿದ್ದಾಗ ಗೋಣಿ ಹಾಸಿ ಮಲಗಿ, ಬಂದೂಕು ಖಾಲಿ ಎಂದು ಎರಡು ಸಲ ನೋಡಿಕೊಂಡು, ನಳಿಗೆಯ ತುದಿಯ ಮೇಲೆ ಒಂದು ಹತ್ತಿಬೀಜ ಇಡಲು ನೀನು ನನಗೆ ಹೇಳಿದೆ. ಕೈ ಬೆದರಿದರೆ ನಳಿಗೆ ತಗ್ಗುತ್ತದೆ, ಬೀಜ ಬೀಳುತ್ತದೆ.

"ಬಿತ್ತಂದ್ರ ಬಿತ್ತನ್ನು ತಂಗಿ. ಪರೀಕ್ಷಾ ಮುಂದ ಹಾಕ್ರಿ ಅಂತ ಸಾಹೇಬರನ್ನ ಕೇಳ್ತೀನಿ, ಹೆಗಲು ನೆಟ್ಟಗಾದಮ್ಯಾಲ ನಿಲ್ತೀನಿ. ತಪ್ಪಿದರ ಉಸ್ತಾದಕಿ ಹೋಗತೈತಿ."

ಬಂದೂಕು ಖಾಲಿಯೆಂದು ನಿನಗೆ ಗೊತ್ತಿತ್ತು, ನಿನ್ನ ಹೆಗಲಿಗೆ ಗೊತ್ತಿರಲಿಲ್ಲ. ಐದು ಸಲ ನೀನು ಬಂದೂಕಿನ ಕುದುರೆ ಎಳೆದೆ. ಐದು ಸಲವೂ ನಿನ್ನ ಕಣ್ಣು ಮುಚ್ಚಿತು, ಬೀಜ ನನ್ನ ಅಂಗೈಗೆ ಬಿತ್ತು. ಕೆನ್ನೆಯನ್ನು ಬಂದೂಕಿಗೇ ಒತ್ತಿಕೊಂಡು ನೀನು ಕೇಳಿದೆ, "ಬಿತ್ತೇನು?"

ಇಲ್ಲಣ್ಣ ಅಂದೆ.

ಮಾರೆಣ್ಣ ತಂಗೀನ ಕಲೆಕ್ಟರ್ ಮಾಡ್ತಾನಂತ ಎಂದು ಕೇರಿಯವರು ಆಡಿಕೊಂಡಾಗ, ಕೈಹಿಡಿದು ನನ್ನನ್ನು ಶಾಲೆಗೆ ಬಿಟ್ಟು ಬಂದವನು ನೀನು. ಗೋಣಿಯ ಮೇಲೆ ನೀನು ಅಷ್ಟು ಆಸೆಯಿಂದ ಕಾಯುತ್ತಿರುವಾಗ ಬಿತ್ತು ಅನ್ನಲು ನನಗೆ ಮನಸ್ಸು ಬರಲಿಲ್ಲ. ಅದನ್ನೇ ಪ್ರೀತಿ ಅಂದುಕೊಂಡೆ.

ಪರೀಕ್ಷೆಯ ದಿನ ಹತ್ತು ಗುಂಡಿನಲ್ಲಿ ಆರು, ಗುರಿಯ ಕೆಳಗಿನ ಮಣ್ಣಿಗೆ ಹೋದವು. ನಿನ್ನನ್ನು ಸಿರುಗುಪ್ಪಕ್ಕೆ, ಖಜಾನೆಯ ಬಾಗಿಲು ಕಾಯಲು ಹಾಕಿದರು. ಬಸ್ಸು ಹತ್ತುವಾಗ ನೀನು ಯಾರನ್ನೂ ಬೈಯಲಿಲ್ಲ. "ಬೀಜ ನಿಂತಿತ್ತಲ್ಲವ್ವ, ಅವತ್ತು ನನ್ನ ಮನಸಿನ್ಯಾಗ ಏನ ಐಬು ಹೊಕ್ಕಿತೋ" ಅಂದೆ. ಆಗಲೂ ನಾನು ನಿಜ ಹೇಳದೆ ಬುತ್ತಿಯ ಗಂಟನ್ನು ನಿನ್ನ ಕೈಗಿಟ್ಟೆ. ಆಮೇಲೆ ನೀನು ಬಂದೂಕಿನ ಮಾತನ್ನೇ ಎತ್ತಲಿಲ್ಲ.

ನೀನು ಕೇಳಿದ್ದಕ್ಕೆ ಉತ್ತರ: ಅಕ್ಷರ ನಡುಗುತ್ತಿವೆ ಅಣ್ಣ. ಕಾರ್ಡನ್ನು ಮೂರು ಸಲ ಓದಬೇಕಾಯಿತು. ಬೀಜವೂ ಬಿದ್ದಿತ್ತು. ಐದು ಸಲವೂ ಬಿದ್ದಿತ್ತು. ನಿನ್ನ ಮನಸ್ಸಿನಲ್ಲಿ ಯಾವ ಐಬೂ ಇರಲಿಲ್ಲ, ಹೆಗಲು ನೋಯುತ್ತಿತ್ತು, ಅಷ್ಟೇ.

ಬರುವ ಭಾನುವಾರ ಮೊದಲ ಬಸ್ಸಿಗೆ ಬರುತ್ತೇನೆ. ಬೈಯುವುದಿದ್ದರೆ ಎದುರಿಗೇ ಬೈಯಿ. ಸಂದು ಬಿಡದೆ ನಿಲ್ಲುತ್ತೇನೆ.

ಸುಂಕಲಮ್ಮ ಅತ್ತಿಗೆ ಕಾಯಿಸಿ ಹಚ್ಚುವ ಎಣ್ಣೆ ನಿನ್ನ ಹೆಗಲಿಗೆ ಹಿತವಾಗಲಿ.

ಅಂದು ನಿನ್ನ ಕಣ್ಣಾಗಬೇಕಿದ್ದ,
ಉಚ್ಚೆಂಗಿ